ಅಡ್ಡಿಲ್ಲ ಅಂದಿದ್ದು ಯಾವುದಕ್ಕೆ?

ಒಂದೇ ಒಂದು ಪದ ಆಡಿ ಆರು ಆಸ್ಪತ್ರೆಗಳನ್ನು ಗಲಿಬಿಲಿಗೆ ಕೆಡವಿದ್ದೀರಾ? ನಾನು ಕೆಡವಿದ್ದೇನೆ, ಹೋದ ಮಂಗಳವಾರ.

ನಿಮಗೆ ಗೊತ್ತಲ್ಲ, ಹೊಟ್ಟೆಪಾಡಿಗೆ ನನ್ನದು ಶಿರಸಿಯ ಪುಟ್ಟ ಸಾಫ್ಟ್‌ವೇರ್ ಆಫೀಸು. ಆರು ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಎಷ್ಟು ಹೊತ್ತಿಗೆ ಯಾವ ಮಾತ್ರೆ ಎಂಬ ಪಟ್ಟಿ ನಮ್ಮ ಸಾಫ್ಟ್‌ವೇರ್‌ನಲ್ಲೇ ಬರುವುದು. ಹೊಸ ರಿಲೀಸ್ ಮೊದಲು ಟೆಸ್ಟ್‌ಗೆ, ಆಮೇಲೆ ಯುಎಟಿಗೆ (ಸುಳ್ಳು ರೋಗಿಗಳನ್ನಿಟ್ಟು ನಡೆಸುವ ತಾಲೀಮು ಎನ್ನಿ), ಕೊನೆಗೆ ಪ್ರೊಡಕ್ಷನ್‌ಗೆ. ಅಲ್ಲಿರುವವರು ನಿಜವಾದ ರೋಗಿಗಳು. ಅಲ್ಲಿಗೆ ಬಿಡಲು ನನ್ನ ಒಪ್ಪಿಗೆ ಬೇಕು.

ಬೆಳಿಗ್ಗೆ ಹನ್ನೊಂದು ಗಂಟೆ. ಡಿಪ್ಲಾಯ್ಮೆಂಟ್, ಅಂದರೆ ರಿಲೀಸ್ ಬಿಡುವ ಕೆಲಸ, ನೋಡಿಕೊಳ್ಳುವ ಯಲ್ಲಾಪುರದ ಸಲ್ಮಾ ಸೀಟಿನಿಂದಲೇ ಕೇಳಿದಳು, "ಅಕ್ಕಾ, ಯುಎಟಿ ನೋಡಿದ್ರಲ್ಲ, ಎಂತ ಹೇಳ್ತೀರಿ?"

"ಅಡ್ಡಿಲ್ಲ" ಅಂದೆ.

ನಮ್ಮ ಕಡೆ ಈ ಪದ ಎರಡು ಕೆಲಸ ಮಾಡುತ್ತದೆ. ಊಟ ಹೇಗಿತ್ತು ಎಂದರೆ ಅಡ್ಡಿಲ್ಲ. ಅಂದರೆ ಪರವಾಗಿಲ್ಲ, ಉಪ್ಪು ಕಡಿಮೆ. ಕುರ್ಚಿ ಒಯ್ಯಲಾ ಎಂದರೂ ಅಡ್ಡಿಲ್ಲ. ಅಂದರೆ ಧಾರಾಳವಾಗಿ ಒಯ್ಯಿ. ನಾನು ಹೇಳಿದ್ದು ಉಪ್ಪಿನ ಅಡ್ಡಿಲ್ಲ. (ಒಬ್ಬ ಸುಳ್ಳು ರೋಗಿಯ ಪಟ್ಟಿ ಯಾಕೋ ಉದ್ದ ಕಂಡಿತ್ತು. ಚಹಾ ಕುಡಿದು ನೋಡೋಣ ಅಂದುಕೊಂಡಿದ್ದೆ.) ಸಲ್ಮಾ ಕೇಳಿಸಿಕೊಂಡಿದ್ದು ಕುರ್ಚಿಯ ಅಡ್ಡಿಲ್ಲ.

ಒಪ್ಪಿಗೆಯ ಬಟನ್ ನಾನೇ ಒತ್ತಬೇಕಲ್ಲವೇ? ಪ್ರತಿ ಸಲ ಒತ್ತುವ ರಗಳೆ ಯಾರಿಗೆ ಬೇಕು ಅಂತ ನನ್ನ ಲಾಗಿನ್ ಅವಳಿಗೇ ಕೊಟ್ಟಿದ್ದೆ.

ಹನ್ನೊಂದು ನಲವತ್ತಕ್ಕೆ ಒಂದು ಆಸ್ಪತ್ರೆಯಿಂದ ಫೋನು. ಡಾಕ್ಟರು ನಿಲ್ಲಿಸಿದ ಮಾತ್ರೆಗಳೆಲ್ಲ ಪಟ್ಟಿಯಲ್ಲಿ ಮತ್ತೆ ಬರುತ್ತಿವೆಯಂತೆ. ಹನ್ನೆರಡಕ್ಕೆ ವಾರ್ಡುಗಳಲ್ಲಿ ಮಾತ್ರೆ ಕೊಡುವ ಹೊತ್ತು.

"ಪ್ರೊಡಕ್ಷನ್‌ಗೆ ಹಾಕಿಬಿಟ್ಯೇನೇ?"

"ನೀವೇ ಅಡ್ಡಿಲ್ಲ ಅಂದ್ರಲ್ಲಕ್ಕಾ."

ಅವಳು ಹಳೆಯ ರಿಲೀಸ್‌ಗೆ ವಾಪಸ್ ತಿರುಗಿಸಲು (ರೋಲ್‌ಬ್ಯಾಕ್ ಎನ್ನುತ್ತೇವೆ) ಕೂತಳು. ನಾನು ಒಂದೊಂದೇ ಆಸ್ಪತ್ರೆಗೆ ಫೋನ್ ಹಚ್ಚಿ, ಪಟ್ಟಿ ನಂಬಬೇಡಿ, ಡಾಕ್ಟರು ಕೈಯಲ್ಲಿ ಬರೆದ ಚೀಟಿ ನೋಡಿ ಎನ್ನುತ್ತಾ ಹೋದೆ. ಐದು ಕಡೆ ಸಿಕ್ಕರು. ಆರನೆಯದು, ಹಾವೇರಿ ಕಡೆಯದು, ರಿಂಗಾಗುತ್ತಲೇ ಇತ್ತು. ಹನ್ನೆರಡು ಹೊಡೆಯಿತು. ರೋಲ್‌ಬ್ಯಾಕ್ ಎಂಬತ್ತು ಪರ್ಸೆಂಟ್‌ಗೆ ಬಂದು ಅಲ್ಲೇ ಕೂತಿತ್ತು. ಹರಕೆ ಹೊರುವುದೊಂದು ಬಾಕಿ. (ಹೊತ್ತೆ ಕೂಡ.)

ಹನ್ನೆರಡು ದಾಟಿ ಏಳು ನಿಮಿಷಕ್ಕೆ ಪಟ್ಟಿ ಸರಿಯಾಯಿತು. ಒಂಬತ್ತು ನಿಮಿಷಕ್ಕೆ ಹಾವೇರಿ ಕಡೆಯ ನರ್ಸ್ ಫೋನೆತ್ತಿದಳು. ಮಾತ್ರೆ ಕೊಟ್ಟಾಯಿತೇ ಎಂದು ಕೇಳಿದೆ.

"ಇಲ್ರಿ ಮೇಡಂ. ಗುಳಿಗಿ ಕೈಯಾಗ ಹಿಡಕೊಂಡು ನಿಂತಿದ್ದೆ. ಪೇಷಂಟ್ ಹೆಂಡ್ತಿ ಕೈ ಹಿಡದು ನಿಲ್ಸಿದ್ಲು. ಇದನ್ನ ನಿನ್ನೆ ಡಾಕ್ಟ್ರು ಬಂದ್ ಮಾಡ್ಯಾರ, ಕೊಡಬ್ಯಾಡ್ರಿ ಅಂತ."

ಸಲ್ಮಾ ಮೇಜಿಗೆ ತಲೆಯಿಟ್ಟು ಅತ್ತಳು. ಅಳಬೇಕಾದವಳು ನಾನು.

ಸಂಜೆ ರಿಪೋರ್ಟ್ ಬರೆದೆ. ಒಪ್ಪಿಗೆ ಕೊಟ್ಟವರು ಎಂಬಲ್ಲಿ ನನ್ನ ಹೆಸರು ಹಾಕಿದೆ. ತಪ್ಪು ಹಿಡಿದವರು ಎಂಬಲ್ಲಿ ಪೆನ್ನು ನಿಂತಿತು. ಆ ರೋಗಿಯ ಹೆಂಡತಿಯ ಹೆಸರನ್ನು ಯಾರೂ ಕೇಳಿಟ್ಟಿರಲಿಲ್ಲ.

ಮಾತ್ರೆ ಕೊಡುವ ಆ ಹೊತ್ತಿಗೆ ಆಕೆ ಗಂಡನಿಗೆ ಊಟ ತರಲು ಕೆಳಗಿಳಿದು ಹೋಗಿದ್ದರೆ?