ಬೆಂಚು ಒರೆಸುವ ಬಟ್ಟೆ

ಅದಿರಿನ ಲಾರಿಗಳ ಆ ಕಾಲದಲ್ಲಿ, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ನಾನು ದಿನಾ ಕುಡಿಯುತ್ತಿದ್ದುದು ಒಬ್ಬ ಅಕ್ಕನ ಪುಟ್ಟ ಅಂಗಡಿಯ ಕಾಫಿ. ಅವಳು ಹಾಲಿಗೆ ನೀರು ಬೆರೆಸುತ್ತಿರಲಿಲ್ಲ, ಯಾರ ಕಾರಿಗೂ ಲೋಟ ಕಳಿಸುತ್ತಿರಲಿಲ್ಲ. ಎಲ್ಲರಿಗೂ ಒಂದೇ ಬೆಂಚು. ಅದರ ಮೇಲೆ ಸದಾ ಕೆಂಪು ಧೂಳು. ಕಾಫಿ ಮುಗಿಸಿ ಎದ್ದವರಿಗೆಲ್ಲ ಒದ್ದೆ ಬಟ್ಟೆ ಚಾಚಿ, "ಮುಂದಿನವ್ರಿಗೆ ಒರಸಿ ಹೋಗ್ರಿ" ಎನ್ನುತ್ತಿದ್ದಳು.

ಒಮ್ಮೆ ಗಣಿ ಸಾಹುಕಾರನೊಬ್ಬ ಕಾರಿನಲ್ಲೇ ಕೂತು ಹಾರ್ನ್ ಹೊಡೆದ. ಅಕ್ಕ ಕದಲಲಿಲ್ಲ. ಕೊನೆಗೆ ಅವನೇ ಇಳಿದು ಬಂದು ಕೂತ, ಕುಡಿದು ಎದ್ದ. ಬಟ್ಟೆ ಅವನ ಮುಂದೂ ಬಂತು. ಜಾಗಕ್ಕಾಗಿ ಲಾರಿ ಡ್ರೈವರ್ ಒಬ್ಬ ಕಾಯುತ್ತಿದ್ದ. ನಾವೆಲ್ಲ ಲೋಟ ಕೆಳಗಿಟ್ಟು ನೋಡಿದೆವು.

ಸಾಹುಕಾರ ಒರೆಸಿದ. ಕೆಂಪಾದ ಬಟ್ಟೆ ನೋಡಿ, "ಏನ್ ಧೂಳಬೇ ಯವ್ವಾ ಇದು!" ಎಂದ.

"ನಿಮ್ಮ ಗಣೀದ ರೀ," ಅಕ್ಕ ನಕ್ಕಳು. "ಇನ್ನೊಂದ್ ಸಲ ಒರಸ್ರಿ."