ಗೇಟಿನ ಮುಂದಿನ ಬಿಳಿ ಗುರುತು

ಡ್ರೋನ್ ಹಾರುವ ದಿನ ಬೆಳಿಗ್ಗೆ ನಾನು ಎಂದಿನಂತೆ ಗೇಟಿನ ಮುಂದೆ ಗುಡಿಸಿ, ಎರಡು ಬಕೆಟ್ ನೀರು ಹಾಕಿ ತೊಳೆದೆ. ನೀರು ಮೋರಿ ಸೇರಿದ ಮೇಲೆ ನೆನಪಾಯಿತು. ಹಿಂದಿನ ಸಂಜೆ ಸರ್ವೆಯ ಮೇಡಂ ಅಲ್ಲಿ ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಪ್ಲಸ್ ಗುರುತು ಹಾಕಿ, ಅದರ ಜಾಗವನ್ನು ಯಂತ್ರದಲ್ಲಿ ಬರೆದುಕೊಂಡಿದ್ದರು. "ಇದನ್ನ ಮುಟ್ಬೇಡಿ ಆಂಟಿ. ಡ್ರೋನ್ ಫೋಟೋನ ಇದ್ರ ಮೇಲೇ ಕೂರ್ಸೋದು," ಎಂದು ಹೇಳಿಯೂ ಹೋಗಿದ್ದರು.

ಕೊಡಿಗೇಹಳ್ಳಿಯ ನಮ್ಮ ಬೀದಿಯನ್ನೆಲ್ಲ ಅಳೆಯಲು ಬಂದವರು ಅವರು. ನನಗೆ ಬೇಕಿದ್ದದ್ದು ಒಂದೇ ಅಳತೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಮೂರಡಿ ಸಂದಿಯಿದೆ. ಅಡುಗೆಮನೆಯ ಕಿಟಕಿ ಅಲ್ಲಿಗೇ ತೆರೆಯುತ್ತದೆ. ಒಗ್ಗರಣೆಯ ಘಾಟು ಹೋಗಲು ಬೇರೆ ದಾರಿಯಿಲ್ಲ. ಸಂದಿಯಷ್ಟೂ ತನ್ನದು, ಗೋಡೆ ಎಬ್ಬಿಸುತ್ತೇನೆ ಎಂದು ಪಕ್ಕದ ಮನೆಯ ಅಕ್ಕ ಹೇಳುತ್ತಲೇ ಇದ್ದರು.

ಗಾಬರಿಯಲ್ಲಿ ರಂಗೋಲಿ ಡಬ್ಬಿ ತಂದು ಅಂದಾಜಿನ ಮೇಲೆ ಗುರುತನ್ನು ಮತ್ತೆ ಹಾಕಿದೆ. ಗೆರೆಯೇನೋ ನೆಟ್ಟಗೆ ಬಂತು, ಪಳಗಿದ ಕೈ. ಜಾಗ ಅದೇನಾ? ಹತ್ತು ಗಂಟೆಗೆ ಡ್ರೋನ್ ಗುಂಯ್ ಎನ್ನುತ್ತ ತಲೆಯ ಮೇಲೆ ಹಾದುಹೋಯಿತು.

"ಎಷ್ಟು ಕರೆಕ್ಟಾಗಿರುತ್ತಮ್ಮ?" ಎಂದು ಅದನ್ನು ಹಾರಿಸುತ್ತಿದ್ದ ಮೇಡಂ ಅವರನ್ನು ಕೇಳಿದೆ.

"ಗುರುತು ಸರಿ ಇದ್ರೆ ಎರಡಿಂಚು ಆಚೀಚೆ ಅಷ್ಟೇ ಆಂಟಿ."

ರಂಗೋಲಿ ಡಬ್ಬಿಯನ್ನು ಒಳಗೆ ಒಯ್ದಿಟ್ಟೆ. ಆ ವಾರವೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯ ಬಾಗಿಲು ಪೂರ್ತಿ ತೆರೆಯಲು ಎರಡು ಗೇಣು ಜಾಗ ಬೇಕು. ದಿನಕ್ಕೆ ನಾಲ್ಕು ಸಲ ಅಳೆದೆ, ಕಡಿಮೆಯಾಗುತ್ತದೆಯೇ?

ನಕ್ಷೆ ಹಿಡಿದು ಮೇಡಂ ಬಂದಾಗ ಅಕ್ಕ ಮೊದಲೇ ಹಾಜರು. ಮೇಡಂ ನನ್ನನ್ನೇ ನೋಡಿದರು. "ಬೀದಿಲಿರೋ ಬೇರೆ ಗುರುತೆಲ್ಲ ತಾಳೆ ಆಗ್ತಿದೆ. ನಿಮ್ಮ ಗೇಟಿಂದು ಮಾತ್ರ ಒಂದು ಗೇಣು ಪಕ್ಕಕ್ಕಿದೆ."

ಹೇಳಿಬಿಟ್ಟೆ. ನೀರು, ರಂಗೋಲಿ, ಅಂದಾಜು, ಎಲ್ಲ.

"ನೋಡಿದ್ರಾ! ಇಂಗೆ ಗೇಣ್ ಗೇಣಾಗಿ ನಮ್ ಮನೇನೇ ನುಂಗ್ಬುಡ್ತಾಳೆ!" ಎಂದರು ಅಕ್ಕ.

"ನಾನ್ಯಾಕಕ್ಕ ನುಂಗ್ಲಿ? ನೀರು ಹಾಕಿದ್ದು ತಪ್ಪು, ಒಪ್ಕೊಂಡ್ನಲ್ಲ."

ಆ ಗುರುತನ್ನು ಬಿಟ್ಟೇ ನಕ್ಷೆ ಮಾಡಿದ್ದರಂತೆ. ಆದರೂ ಅದರಲ್ಲಿ ನಮ್ಮ ಸಂದಿಯೇ ಇರಲಿಲ್ಲ! ಎರಡೂ ಮನೆಯ ಸಜ್ಜಾ ಮುಂಚಾಚಿ ಸಂದಿಯನ್ನು ಮುಚ್ಚಿದ್ದವು. ಮೇಲಿನಿಂದ ಗೋಡೆಯ ಬುಡ ಕಾಣುವುದಿಲ್ಲ. ಮೇಡಂ ಚೀಲದಿಂದ ಟೇಪ್ ತೆಗೆದರು.

ನಮ್ಮ ಇನ್ನೊಂದು ಬದಿಯ ಗಡಿಕಲ್ಲಿನ ಬಗ್ಗೆ ಯಾರಿಗೂ ತಕರಾರಿಲ್ಲ. ಅಲ್ಲಿಂದ ನಮ್ಮ ಮನೆಪತ್ರದಲ್ಲಿದ್ದ ಮೂವತ್ತಡಿ ಅಗಲ ಅಳೆಯುವುದು. ಟೇಪ್ ಹಿಡಿದು ಕಲ್ಲಿನ ಬಳಿ ನಾನು, ಸಂದಿಯ ಕಡೆಯ ತುದಿಗೆ ಅಕ್ಕ.

"ಎಳೀಬೇಡ ಕಣೇ!"

"ನೀವು ಸಡ್ಲ ಬಿಡ್ಬೇಡಿ ಅಕ್ಕ!"

ಗೆರೆ ಸಂದಿಯೊಳಗೇ ಬಿತ್ತು. ನಮ್ಮ ಗೋಡೆಯಿಂದ ಒಂದೂಮುಕ್ಕಾಲು ಅಡಿ ನಮ್ಮದು, ಉಳಿದದ್ದು ಅಕ್ಕನದು. ಮೇಡಂ ಅಲ್ಲಿ ಸುಣ್ಣದ ಗೆರೆ ಎಳೆದರು. ನಾನು ಒಳಗೆ ಓಡಿ ಕಿಟಕಿ ತೆರೆದೆ. ಬಾಗಿಲಿಗೂ ಗೆರೆಗೂ ನಾಲ್ಕು ಬೆರಳು ಉಳಿಯಿತು.

ಅಕ್ಕನ ಗೋಡೆ ಇನ್ನೂ ಎದ್ದಿಲ್ಲ. ಆ ಸುಣ್ಣದ ಗೆರೆ ಮಾಸಿ ತಿಂಗಳಾಯಿತು. ಒಗ್ಗರಣೆ ಹಾಕುವ ಮುಂಚೆ ಈಗಲೂ ಕಿಟಕಿಯಿಂದ ಕೈ ಚಾಚಿ ನಾಲ್ಕು ಬೆರಳು ಅಳೆಯುತ್ತೇನೆ.