ಪಾಲಿನ ಕುರಿ

ಗೆಳೆಯರೇ, ನಾರಾಯಣಪುರದಲ್ಲಿ ಕುರಿ ಮೇಯಿಸುವ ಮಾಳಪ್ಪನ ರೇಷನ್ ಕಾರ್ಡು ರದ್ದಾಗಿದೆ. ಯಾಕೆಂದು ಕೇಳಲು ಇಂದು ಅವನೂ ನಾನೂ ಬಸವಕಲ್ಯಾಣದ ಕಚೇರಿಗೆ ಹೋಗಿದ್ದೆವು.

"ದೊಡ್ಡಿ ತುಂಬ ಕುರಿ ಅದಾವ. ನೀ ಹ್ಯಾಂಗ ಗರೀಬ?" ಎಂದರು ಸಾಹೇಬರು.

"ನನ್ನವಲ್ರಿ, ಪಾಲಿನವು. ನಾ ಬರೇ ಮೇಯಿಸ್ತೀನ್ರಿ. ಹುಟ್ಟಿದ ಮರ್ಯಾಗ ಅರ್ಧಾ ನನಗ."

"ಹಂಗಂತ ಮಾಲಕರ ಕಡಿಂದ ಬರಸ್ಕೊಂಡು ಬಾ. ಆದ್ರ ಅವರ ಕಾರ್ಡು ರದ್ದಾಗ್ತದ ನೋಡು."

ಮಾಳಪ್ಪ ನನ್ನತ್ತ ತಿರುಗಿದ. ಕುರಿಗಳು ನನ್ನವು. ಆದರೆ ಹುಮನಾಬಾದಿನ ನನ್ನ ಮನೆಯಲ್ಲಿ ಒಂದು ಮರಿಯೂ ಇಲ್ಲ. ಹಾಗಾಗಿ ಸರ್ಕಾರಕ್ಕೆ ನಾನು ಬಡವ. ಜೇಬಿನಲ್ಲಿ ಪೆನ್ನಿತ್ತು. ತೆಗೆಯಲಿಲ್ಲ.

ಹೊರಗೆ ಬಂದು ಚಹಾ ಕುಡಿದೆವು. ದುಡ್ಡು ಕೊಡಲು ಹೋದರೆ ಮಾಳಪ್ಪ ನನ್ನ ಕೈ ತಡೆದ.

"ಇರ್ಲಿ ಬಿಡ್ರಿ. ಇವತ್ತಿಂದ ಸಾವ್ಕಾರ ನಾನೇ ಅಲ್ಲೇನ್ರಿ."